ಅಬು ಸಾಲಿಹರ ಮೊಳ

ಸೌದಿಯ ಕೋವಿಯಂಗಡಿಯಲ್ಲಿ ದುಡಿದವನು ನಾನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಅವರ ಕಣ್ಣಿಗೆ ಬೀಳುವುದು ಒಂದು ದಪ್ಪ ಕನ್ನಡಕ, ಒಂದು ಸಣ್ಣ ಹೊಟ್ಟೆ, ಮತ್ತು ಬಾಗಿಲಿನ ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಜಗ್ಗಿ ನೋಡುವ ಒಂದು ಕೈ. ಆಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ನೀವು ಎಷ್ಟು ಸಲ ಹೊಡೆದಿದ್ದೀರಿ? ಒಂದು ಸಲವೂ ಇಲ್ಲ. ಪಟಾಕಿ ಹೊಡೆಯುವಾಗ ನಾನು ಕಿವಿ ಮುಚ್ಚಿಕೊಂಡು ಒಳಗೆ ಹೋಗುವವನು. ದರ್ಜಿಯ ಮೈಮೇಲೆ ಅವನು ಹೊಲಿದ ಸೂಟು ಇರಲೇಬೇಕೆಂದಿಲ್ಲವಲ್ಲ, ಹಾಗೆಯೇ ಇದೂ.

ಸಣ್ಣ ತಿರುಪುಗಳು ಕಣ್ಣಿಗೆ ಕಾಣದೆ ಹೋಗಲು ಶುರುವಾದ ಮೇಲೆ, ಮಧ್ಯವಯಸ್ಸಿನಲ್ಲೇ, ನಾನು ಆ ಕೆಲಸ ಬಿಟ್ಟೆ. ಆದರೆ ದಮ್ಮಾಮ್ ಬಿಡಲಿಲ್ಲ. ನನ್ನ ಹೆಂಡತಿ ಐರಿನ್ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಈಗ ನನ್ನ ಇಕಾಮಾ, ಎಂದರೆ ಇಲ್ಲಿ ವಾಸಿಸುವ ಪರವಾನಗಿ, ಅವಳ ಇಕಾಮಾದ ನೆರಳಿನಲ್ಲಿದೆ. ನಾನು ಅವಳ ಅವಲಂಬಿತ ಎಂದು ಸರ್ಕಾರವೇ ಒಪ್ಪಿಕೊಂಡಿದೆ, ಅವಳು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದಳು. ಅವಳು ಡ್ಯೂಟಿಗೆ ಹೋದ ಮೇಲೆ ನಾನು ಗ್ಯಾಸ್ ಆರಿಸಿದ್ದೇನೆಯೇ ಎಂದು ನೋಡಿ ಬಂದು ಇದನ್ನು ಬರೆಯುತ್ತೇನೆ. ನಮ್ಮ ಕಡೆಯ ಹುಡುಗರು ಈಗಲೂ ಬೇಟೆ ಮತ್ತು ಟೆಂಟಿನ ಸಾಮಾನಿನ ಅಂಗಡಿಗಳಿಗೆ ಕೆಲಸಕ್ಕೆ ಬರುತ್ತಿದ್ದಾರೆ. ಅವರಲ್ಲಿ ಒಬ್ಬನಾದರೂ ರಿಪೇರಿ ಬೆಂಚಿನ ಹಿಂದೆ ಕೂರುವವನಿದ್ದರೆ, ಈ ಮಾತು ಅವನಿಗೆ.

ನಾನು ಆ ಅಂಗಡಿಗೆ ಸೇರಿದ್ದು ಸ್ಟೋರ್ ಕೀಪರ್ ಆಗಿ. ಕೋವಿ, ತೋಟೆ, ಟೆಂಟು, ಗಿಡುಗದ ಕಣ್ಣುಪಟ್ಟಿ, ಕಾಫಿ ಕಾಯಿಸುವ ಒಲೆ, ಎಲ್ಲವೂ ಅಲ್ಲಿ ಸಿಗುತ್ತಿತ್ತು. ಮೂಲೆಯಲ್ಲಿ ಒಂದು ಬೆಂಚು, ಅದರ ಹಿಂದೆ ಉಸ್ತಾ ಜಮೀಲ್ ಎಂಬ ಸಿರಿಯಾದ ಮಿಸ್ತ್ರಿ. ನಾನು ಊರಿನಲ್ಲಿ ಐಟಿಐ ಫಿಟ್ಟರ್ ಕಲಿತವನು ಎಂದು ತಿಳಿದು ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವರು ಅಳೆಯುವ ಮನುಷ್ಯರಲ್ಲ. ತಿರುಪು ಎಷ್ಟು ಬಿಗಿ ಎಂದು ಕೇಳಿದರೆ ಹುಬ್ಬು ಮೇಲೆತ್ತಿ ತೋರಿಸುತ್ತಿದ್ದರು. ಪೂರ್ತಿ ಎತ್ತಿದರೆ ಪೂರ್ತಿ ಬಿಗಿ.

ಬೆಂಚಿನ ಮೊದಲ ಪಾಠ: ಕೈಗೆ ಬಂದ ಕೋವಿಯಲ್ಲಿ ತೋಟೆ ಇಲ್ಲ ಎಂಬುದನ್ನು ಕಣ್ಣಿನಿಂದ ನೋಡು, ಆಮೇಲೆ ಬೆರಳು ಹಾಕಿ ಮುಟ್ಟಿ ನೋಡು. ನನ್ನಂಥವನಿಗೆ ಇದು ಕಲಿಯಬೇಕಾದ ಪಾಠವೇ ಅಲ್ಲ, ಹುಟ್ಟಿನಿಂದ ಬಂದ ರೋಗ. ತೊಂದರೆ ಬೇರೆಯೇ ಇತ್ತು. ಗಿರಾಕಿ ಕೋವಿಯನ್ನು ಬೆಂಚಿನ ಮೇಲೆ ಇಡುವಾಗಲೇ “ವಲ್ಲಾಹಿ, ಖಾಲಿ” ಅನ್ನುತ್ತಾನೆ. ದೇವರ ಮೇಲೆ ಆಣೆ ಹಾಕಿ ಹೇಳಿದ ಮೇಲೂ ಅವನ ಕಣ್ಣೆದುರಿನಲ್ಲಿ ಬೆರಳು ಹಾಕಿ ನೋಡಿದರೆ ಅವನನ್ನು ಸುಳ್ಳ ಎಂದ ಹಾಗೆ. ಒಮ್ಮೆ ಒಬ್ಬ ಹಿರಿಯರು ಇದೇ ಕಾರಣಕ್ಕೆ ಕೋವಿ ತೆಗೆದುಕೊಂಡು ಎದ್ದುಹೋದರು. ಹೋಗುವಾಗ ಅಂಗಡಿಯ ಕಾಫಿಯನ್ನೂ ಮುಟ್ಟಲಿಲ್ಲ. ಕಾಫಿ ಮುಟ್ಟದೆ ಹೋಗುವುದು ಇಲ್ಲಿ ಸಣ್ಣ ಸಿಟ್ಟಲ್ಲ.

ಆಮೇಲೆ ನಾನು ಒಂದು ಉಪಾಯ ಕಂಡುಕೊಂಡೆ. ಕೋವಿ ಕೈಗೆ ಬಂದ ಕೂಡಲೇ ಅದರ ಮರದ ಹಿಡಿಯನ್ನು ಸವರಿ, ಮಾಶಾಅಲ್ಲಾ, ಎಂಥ ಮರ, ಎಂಥ ನುಣುಪು ಎಂದು ಹೊಗಳಲು ಶುರುಮಾಡುವುದು. ಗಿರಾಕಿ ಮರದ ಕಡೆ ನೋಡಿ ಹಿಗ್ಗುವಷ್ಟರಲ್ಲಿ ನನ್ನ ಕಿರುಬೆರಳು ಒಳಗೆ ಹೋಗಿ ಬಂದಿರುತ್ತಿತ್ತು. ಹಿಡಿ ಪ್ಲಾಸ್ಟಿಕ್ಕಿನದಾದರೆ ಸ್ವಲ್ಪ ಕಷ್ಟ. ಆದರೂ ಹೊಗಳಿದ್ದೇನೆ.

ಎರಡನೆಯ ಪಾಠ ಸ್ಪ್ರಿಂಗು. ಪಂಪ್ ಕೋವಿ ಎಂದರೆ ಪ್ರತಿ ಸಲವೂ ಕೈಯಿಂದ ಹಿಂದೆ ಮುಂದೆ ಎಳೆದು ತೋಟೆ ಏರಿಸುವ ಕೋವಿ. ಅದರ ನಳಿಗೆಯ ಕೆಳಗೆ ಅದಕ್ಕೆ ಸಮನಾಗಿ ಇನ್ನೊಂದು ಕೊಳವೆ ಇರುತ್ತದೆ. ತೋಟೆಗಳು ಕೂರುವುದು ಅದರಲ್ಲಿ, ಒಂದರ ಹಿಂದೆ ಒಂದು, ಬಸ್ಸಿನ ಕ್ಯೂವಿನ ಹಾಗೆ. ಅವುಗಳನ್ನು ಹಿಂದಕ್ಕೆ ತಳ್ಳುವುದು ಒಂದು ಉದ್ದನೆಯ ಸ್ಪ್ರಿಂಗು. ಕೊಳವೆಯ ಮುಚ್ಚಳ ಬಿಚ್ಚಿದರೆ ಅದು ಹೊರಗೆ ಹಾರಲು ಕಾಯುತ್ತಿರುತ್ತದೆ. ನಾನು ಮೊದಲ ಸಲ ಒಬ್ಬನೇ ಮುಚ್ಚಳ ಬಿಚ್ಚಿ ಸ್ಪ್ರಿಂಗಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆನಷ್ಟೆ, ಹೊರಗೆ ಮಸೀದಿಯ ಬಾಂಗ್ ಕೇಳಿಸಿತು. ಆಗ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಲೇಬೇಕು. ಎಲ್ಲರೂ ಎದ್ದರು, ದೀಪ ಆರಿತು, ಶಟರು ಬಿತ್ತು. ಒಳಗೆ ಉಳಿದದ್ದು ಕ್ರೈಸ್ತನಾದ ನಾನು ಮತ್ತು ನನ್ನ ಹೆಬ್ಬೆರಳು.

ಬಿಟ್ಟರೆ ಅದು ಎಲ್ಲಿಗೆ ಹಾರುತ್ತದೋ ಎಂಬ ಹೆದರಿಕೆ. ಕತ್ತಲೆಯಲ್ಲಿ ಕನ್ನಡಕಕ್ಕೆ ಬಡಿದರೆ? ಶೋಕೇಸಿನ ಗಾಜಿಗೆ ಬಡಿದರೆ? ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಸ್ಪ್ರಿಂಗು, ಮೂಗಿನ ತುದಿಯಲ್ಲಿ ತುರಿಕೆ. ನಮಾಜು ಮುಗಿಸಿ, ಚಹಾ ಕುಡಿದು, ಕೌಂಟರಿನ ಹಮೀದ್ ಮೊದಲು ವಾಪಸ್ ಬಂದ. ಬಂಟ್ವಾಳ ಕಡೆಯ ಬ್ಯಾರಿ, ನನಗಿಂತ ಕಿರಿಯ. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬು ಎಂದೇ ಕರೆಯುತ್ತಿದ್ದ.

“ಎಂತ ಪೊರ್ಬುಗಳೇ, ಹೋಗುವಾಗ ಹೇಗೆ ನಿಂತಿದ್ರೋ ಹಾಗೇ ಇದ್ದೀರಲ್ಲ ನೀವು. ಬಿಟ್ರೆ ಎಂತ ಆಗ್ತದೆ?”

ಹಾರುತ್ತದೆ ಎಂದೆ. ಹಾರಲಿ ಮಾರಾಯ್ರೆ, ಅದಕ್ಕೆ ಪಾಸ್‌ಪೋರ್ಟ್ ಬೇಡ ಎಂದ. ಬಿಟ್ಟೆ. ಸ್ಪ್ರಿಂಗು ಒಂದು ಮಾರು ದೂರ ಹೋಗಿ ಟೆಂಟುಗಳ ರಾಶಿಯ ಮೇಲೆ ಮೆತ್ತಗೆ ಮಲಗಿತು. ಅವತ್ತಿನಿಂದ ನನ್ನ ನಿಯಮ: ಮುಚ್ಚಳ ಬಿಚ್ಚುವ ಮೊದಲು ಮೇಲೊಂದು ಬಟ್ಟೆ ಹಾಕು, ಮತ್ತು ಗಡಿಯಾರ ನೋಡು.

ಉಸ್ತಾ ಜಮೀಲ್ ಊರಿಗೆ ಹೋದ ಮೇಲೆ ಬೆಂಚು ನನಗೆ ಬಂತು. ಬಂತು ಎಂದರೆ ಯಾರೂ ಕೊಡಲಿಲ್ಲ, ಖಾಲಿ ಕುರ್ಚಿಯಲ್ಲಿ ನಾನು ಕೂತೆ. ಅಂಗಡಿಯ ಯಜಮಾನ, ನನ್ನ ವೀಸಾದ ಹೊಣೆ ಹೊತ್ತ ಕಫೀಲ್, ಅಬು ಫಹದ್, ಮಾತು ಕಡಿಮೆಯ ಮನುಷ್ಯ. ಅವರಿಗೆ ನನ್ನ ಕೆಲಸದ ಬಗ್ಗೆ ದೂರಿರಲಿಲ್ಲ, ನನ್ನ ನಿಧಾನದ ಬಗ್ಗೆ ಇತ್ತು. ಉಸ್ತಾ ಒಂದು ಲೋಟ ಚಹಾ ಆರುವುದರೊಳಗೆ ಮುಗಿಸುತ್ತಿದ್ದ ಕೆಲಸಕ್ಕೆ ನಾನು ಒಂದು ದಿನ ತೆಗೆದುಕೊಳ್ಳುತ್ತಿದ್ದೆ. ಆ ಕಾಲಕ್ಕೆ ಗಿರಾಕಿಗಳೂ ಬದಲಾಗಿದ್ದರು. ಮೊಬೈಲಿನಲ್ಲಿ ವೀಡಿಯೊ ಹಾಕಿ ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ನೋಡು, ಈ ಅಮೇರಿಕದವನು ಹಾಡು ಮುಗಿಯುವುದರೊಳಗೆ ಜೋಡಿಸಿದ. ವೀಡಿಯೊದಲ್ಲಿ ಸ್ಪ್ರಿಂಗು ಹಾರಿದ ಭಾಗವನ್ನು ಕತ್ತರಿಸಿರುತ್ತಾರೆ ಎಂದು ಯಾರಿಗೆ ಹೇಳುವುದು.

ಬೆಂಚಿಗೆ ಜೀವ ಇರುವ ತೋಟೆ ಬರಕೂಡದು ಎಂಬುದು ನನ್ನ ಇನ್ನೊಂದು ನಿಯಮ. ಪರೀಕ್ಷೆಗೆ ಮದ್ದಿಲ್ಲದ ಡಮ್ಮಿ ತೋಟೆ ಬೇಕು. ಉಸ್ತಾನ ಕಾಲದವು ಐದು ಉಳಿದಿದ್ದವು. ಇನ್ನಷ್ಟು ತರಿಸಿ ಎಂದು ಕೇಳಿದಾಗಲೆಲ್ಲ ಅಬು ಫಹದ್ ಐದು ಸಾಕು ಎನ್ನುತ್ತಿದ್ದರು. ಕೈಯಲ್ಲಿಯೂ ಐದೇ ಬೆರಳು, ಅದರಲ್ಲೇ ಊಟ ನಡೆಯುತ್ತದೆ ಎಂದು ಒಮ್ಮೆ ಹೇಳಿದ್ದರು. ಅದು ಅಲ್ಲಿಯ ತನಕ ಅವರು ಆಡಿದ ಅತಿ ಉದ್ದದ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಅಬು ಸಾಲಿಹ್ ಬಂದರು. ಅಬ್ಕೈಕ್‌ನ ಎಣ್ಣೆ ಸ್ಥಾವರದಲ್ಲಿ ಇಂಜಿನಿಯರಾಗಿ ನಿವೃತ್ತರಾದವರು, ಅಂಗಡಿಯ ಹಳೆಯ ಗಿರಾಕಿ. ದೊಡ್ಡ ಆಳು, ಬಿಳಿ ಗಡ್ಡ, ಜೋರು ನಗು. ಅವರು ಹೋಗುವ ಶೂಟಿಂಗ್ ಕ್ಲಬ್ಬಿನಲ್ಲಿ ಒಂದು ಸ್ಪರ್ಧೆ. ಸಾಲಾಗಿ ನಿಂತ ಏಳು ಕಬ್ಬಿಣದ ತಟ್ಟೆಗಳನ್ನು ಬೇಗ ಬೀಳಿಸಬೇಕು. ಅವರ ಪಂಪ್ ಕೋವಿಯ ಕೊಳವೆಗೆ ಹಿಡಿಯುವುದು ನಾಲ್ಕೇ ತೋಟೆ. ನಡುವೆ ನಿಂತು ಮತ್ತೆ ತುಂಬಿಸುವಷ್ಟರಲ್ಲಿ ಅವರ ತಂಗಿಯ ಗಂಡ ಅಬು ತುರ್ಕಿ ಮುಗಿಸಿ ಕೈ ಒರೆಸಿಕೊಂಡಿರುತ್ತಾನೆ. ಪ್ರತಿ ಸಲವೂ ಹೀಗೆ. ಸೋತದ್ದಕ್ಕಿಂತ, ಶುಕ್ರವಾರದ ಊಟದಲ್ಲಿ ಭಾವ ಅದನ್ನು ನೆನಪಿಸುವುದೇ ಅವರಿಗೆ ತಡೆಯದಾಗಿತ್ತು. ಆದ್ದರಿಂದ ಕೊಳವೆಯ ತುದಿಗೆ ಇನ್ನೊಂದು ತುಂಡು ಕೊಳವೆ ಜೋಡಿಸಿ ಏಳು ಹಿಡಿಯುವ ಹಾಗೆ ಮಾಡಬೇಕು. ಲೈಸೆನ್ಸು, ಕ್ಲಬ್ಬಿನ ಒಪ್ಪಿಗೆ, ಎಲ್ಲ ತಂದಿದ್ದರು. ಎಕ್ಸ್‌ಟೆನ್ಷನ್ ಕಿಟ್ ನಮ್ಮಲ್ಲೇ ಇತ್ತು. ಅಂಥದ್ದೇ ಇನ್ನೊಂದು ಕಿಟ್ಟನ್ನು ಹಿಂದಿನ ದಿನ ಅಬು ತುರ್ಕಿಯೇ ಕೊಂಡುಹೋಗಿದ್ದಾನೆ, ವೀಡಿಯೊ ನೋಡಿ ತಾನೇ ಜೋಡಿಸುತ್ತಾನಂತೆ ಎಂಬುದನ್ನು ಹಮೀದ್ ಅವರಿಗೆ ಹೇಳಲಿಲ್ಲ. ನನಗೆ ಹೇಳಿದ. ನನಗೆ ಹೇಳದಿದ್ದರೇ ಚೆನ್ನಾಗಿತ್ತು.

ಅಬು ಸಾಲಿಹ್ ಹೋದ ಮೇಲೆ ಅಬು ಫಹದ್ ಬೆಂಚಿನ ಹತ್ತಿರ ಬಂದರು. ಈ ಜಾಗದಲ್ಲಿ ಕಾಫಿ ಒಲೆಗಳನ್ನು ಜೋಡಿಸಿಟ್ಟರೆ ವ್ಯಾಪಾರ ಆಗುತ್ತದೆ ಎಂದು ಅಂದಾಜು ಮಾಡುವವರ ಹಾಗೆ ಬೆಂಚಿನ ಉದ್ದಗಲ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. “ಫೆಲಿಕ್ಸ್, ಇದು ಸರಿಯಾದರೆ ಬೆಂಚು ಇರಲಿ. ಆಗದಿದ್ದರೆ ಖಲಾಸ್. ರಿಪೇರಿ ರಿಯಾದ್‌ಗೆ ಕಳಿಸುತ್ತೇನೆ, ನೀನು ಗೋದಾಮಿಗೆ.”

ಗೋದಾಮು ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿತ್ತು. ಸೆಕೆಗೆ ಅಲ್ಲಿ ಮೇಣದ ಬತ್ತಿಗಳು ತಾವಾಗಿಯೇ ಬಾಗುತ್ತಿದ್ದವು. ಆದರೆ ನಿಜ ಹೇಳಬೇಕೆಂದರೆ ನನಗೆ ಸೆಕೆಯ ಹೆದರಿಕೆಗಿಂತ ಬೆಂಚಿನ ಆಸೆ ಹೆಚ್ಚು. ಜೀವನದಲ್ಲಿ ನಾನು ತಿರುಪು ಬಿಗಿದ ಮೇಲೆ ಮತ್ತೊಮ್ಮೆ ನೋಡಿದರೆ ಅದನ್ನು ಗುಣ ಎಂದು ಕರೆದ ಜಾಗ ಅದೊಂದೇ. ಮನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ.

ಕೆಲಸ ಕಷ್ಟದ್ದಲ್ಲ. ಮುಚ್ಚಳ ಬಿಚ್ಚಿ, ಹಳೆಯ ಸ್ಪ್ರಿಂಗು ತೆಗೆದು, ಹೊಸ ತುಂಡು ಕೊಳವೆಯನ್ನು ತಿರುಗಿಸಿ ಕೂರಿಸಿ, ಅಲುಗದ ಹಾಗೆ ನಳಿಗೆಗೆ ಕ್ಲಿಪ್ ಹಾಕಿ ಬಿಗಿದೆ. ಕೊಳವೆ ಉದ್ದವಾದ ಮೇಲೆ ಸ್ಪ್ರಿಂಗೂ ಉದ್ದದ್ದು ಬೇಕು. ಕಿಟ್ಟಿನಲ್ಲಿ ಬರುವ ಸ್ಪ್ರಿಂಗು ಎಲ್ಲ ಅಳತೆಯ ಕೋವಿಗಳಿಗೂ ಆಗಲಿ ಎಂದು ಹಾವಿನಷ್ಟು ಉದ್ದ ಇರುತ್ತದೆ. ‘ಅಗತ್ಯಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಿ’ ಎಂದು ಅದರ ಚೀಟಿ ಹೇಳುತ್ತಿತ್ತು. ಯಾರ ಅಗತ್ಯ, ಎಷ್ಟು ತಕ್ಕಂತೆ, ಚೀಟಿ ಬರೆದವನಿಗೇ ಗೊತ್ತು. ಹೆಚ್ಚು ಕತ್ತರಿಸಿದರೆ ಕೊನೆಯ ತೋಟೆಗಳನ್ನು ತಳ್ಳಲು ಸ್ಪ್ರಿಂಗಿಗೆ ಶಕ್ತಿ ಸಾಲದು. ಕಡಿಮೆ ಕತ್ತರಿಸಿದರೆ ಕೊಳವೆಯೊಳಗೆ ಸ್ಪ್ರಿಂಗೇ ತುಂಬಿಕೊಂಡು ತೋಟೆಗೆ ಜಾಗ ಇರುವುದಿಲ್ಲ.

ಉಸ್ತಾ ಜಮೀಲ್ ಇದಕ್ಕೆ ತಮ್ಮ ಕೈಯನ್ನೇ ಅಳತೆ ಮಾಡಿಕೊಂಡಿದ್ದರು. ಸ್ಪ್ರಿಂಗನ್ನು ಕೊಳವೆಗೆ ಇಳಿಬಿಟ್ಟು, ಹೊರಗೆ ಮುಷ್ಟಿ ಕಟ್ಟಿದ ಕೈಯ ಒಂದು ಮೊಳ ಉಳಿಸಿ ಉಳಿದದ್ದನ್ನು ಕಟ್ ಮಾಡುವುದು. ನಮ್ಮೂರಲ್ಲಿ ಹೂವು ಕೊಳ್ಳುವವರು ಯಾವಾಗಲೂ ಉದ್ದ ಕೈಯ ಹೂವಿನವಳನ್ನು ಹುಡುಕುತ್ತಾರಲ್ಲ, ಅದು ಸುಮ್ಮನೆ ಅಲ್ಲ. ಉಸ್ತಾನ ಕೈ ನೀಳ. ನನ್ನದು ಮೋಟು. ನನ್ನ ಮೊಳ ಹಿಡಿದು ಕತ್ತರಿಸಿದರೆ ಸ್ಪ್ರಿಂಗು ಗಿಡ್ಡವಾಗುತ್ತದೆ. ಕೊನೆಗೆ ಉಸ್ತಾನಿಗೆ ವಾಟ್ಸಾಪಿನಲ್ಲಿ, ನಿಮ್ಮ ಕೈ ಎಷ್ಟು ಉದ್ದ ಇದೆ ಎಂದು ಕೇಳಿದೆ. ಅವರು ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿ, ನೀನು ಆರೋಗ್ಯವಾಗಿದ್ದೀಯಾ ಮಗನೇ ಎಂದು ಕೇಳಿದರು.

ಕಟ್ಟಿಂಗ್ ಪ್ಲಯರ್ ಹಿಡಿದು ಎಷ್ಟು ಹೊತ್ತು ನಿಂತೆನೋ. ಹಮೀದ್ ಎರಡು ಟೆಂಟು ಮಾರಿ ಬಂದು ನೋಡಿದಾಗಲೂ ಹಾಗೆಯೇ ನಿಂತಿದ್ದೆ.

“ಕಟ್ ಮಾಡಿ ಮಾರಾಯ್ರೆ. ಎಂತಕ್ಕೆ ಇಷ್ಟು ಮಂಡೆಬಿಸಿ?”

“ಕಟ್ ಮಾಡಿದ್ಮೇಲೆ ಜೋಡಿಸ್ಲಿಕ್ಕೆ ಆಗುದಿಲ್ಲಲ್ಲ ಹಮೀದ್.”

“ಹಾಗೆ ನೋಡಿದ್ರೆ ನೀವು ಉಗುರೂ ಕಟ್ ಮಾಡ್ಲಿಕ್ಕಿಲ್ಲ.”

ಕತ್ತರಿಸಲಿಲ್ಲ. ಇಡೀ ಸ್ಪ್ರಿಂಗನ್ನು ಒತ್ತಿ ಒತ್ತಿ ಒಳಗೆ ತುಂಬಿ ಮುಚ್ಚಳ ಹಾಕಿದೆ. ಐದು ಡಮ್ಮಿ ಹಾಕಿದೆ. ಐದೂ ಹೋದವು, ಐದೂ ಬಂದವು. ಮತ್ತೆ ಹಾಕಿದೆ, ಮತ್ತೆ ಬಂದವು. ಬೆರಳು ನೋಯುವ ತನಕ ಹಾಕಿ ತೆಗೆದೆ. ಪರೀಕ್ಷೆಯಲ್ಲಿ ನನಗಿಂತ ಶ್ರದ್ಧೆಯವನು ಇರಲಿಕ್ಕಿಲ್ಲ. ಆದರೆ ಏಳು ಹಿಡಿಯಬೇಕಾದ ಕೊಳವೆಯನ್ನು ಐದರಿಂದ ಎಷ್ಟು ಸಲ ಪರೀಕ್ಷಿಸಿದರೂ ಅದು ಐದರ ಪರೀಕ್ಷೆಯೇ ಎಂಬುದು, ಜಗತ್ತಿನ ಎಲ್ಲ ಸಂಗತಿಗಳ ಬಗ್ಗೆ ಚಿಂತೆ ಮಾಡುವ ಈ ತಲೆಗೆ ಹೊಳೆಯಲಿಲ್ಲ.

ಸ್ಪರ್ಧೆಯ ದಿನ ಅಬು ಸಾಲಿಹ್ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಮುಹಂದಿಸ್, ನೀನೂ ಬಂದು ನೋಡಬೇಕು ಎಂದರು. ಅವರು ನನ್ನನ್ನು ಇಂಜಿನಿಯರ್ ಎಂದು ಕರೆದದ್ದು ಅದೇ ಮೊದಲು. ಕಿಸೆಯಲ್ಲಿ ಕಟ್ಟಿಂಗ್ ಪ್ಲಯರ್, ಬಟ್ಟೆ ತುಂಡು, ಒಂದು ಮಿಕ್ಕಿದ ಮುಚ್ಚಳ, ತಲೆನೋವಿನ ಮಾತ್ರೆ ಹಾಕಿಕೊಂಡಿದ್ದೆ.

ಕ್ಲಬ್ಬಿನಲ್ಲಿ ಚಳಿಗಾಲದ ಒಳ್ಳೆಯ ಬಿಸಿಲು. ಕಾರ್ಪೆಟ್ಟು ಹಾಸಿ, ಖರ್ಜೂರ ಕಾಫಿ ಇಟ್ಟು, ಎರಡೂ ಮನೆಯ ಗಂಡಸರೆಲ್ಲ ಕೂತಿದ್ದರು. ಅಬು ತುರ್ಕಿ ಸಣ್ಣಗೆ ಚೂಟಿಯಾದ ಮನುಷ್ಯ, ಕೋವಿಯನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ತಾನೇ ಜೋಡಿಸಿದ್ದಂತೆ, ಬೆಂಚೂ ಬೇಡ, ಮಿಸ್ತ್ರಿಯೂ ಬೇಡವಂತೆ.

ಮೊದಲು ಅಬು ಸಾಲಿಹ್ ನಿಂತರು. ತೋಟೆ ತುಂಬಿಸಿದರು. ಐದು ಹೋಯಿತು. ಆರನೆಯದನ್ನು ತಳ್ಳಿದರು, ಹೋಗಲಿಲ್ಲ. ಹೆಬ್ಬೆರಳು ಬಿಳಿಯಾಗುವಷ್ಟು ಒತ್ತಿದರು. ಕೊಳವೆಯೊಳಗೆ ನನ್ನ ಸ್ಪ್ರಿಂಗು ಕಲ್ಲಿನ ಹಾಗೆ ಕೂತಿತ್ತು. ಅವರು ಹಿಂತಿರುಗಿ ನನ್ನನ್ನು ನೋಡಿದರು. ನಾನು ಕಾಫಿ ಲೋಟದೊಳಗೆ ನೋಡಿದೆ. ಐದು ತೋಟೆಗೆ ಐದು ತಟ್ಟೆ ಬಿದ್ದವು, ಎರಡು ನಿಂತವು. ನಾಲ್ಕು ಹಿಡಿಯುತ್ತಿದ್ದ ಕೋವಿ ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಐದು ಹಿಡಿಯುವ ಹಾಗಾಗಿತ್ತು. ಅಬು ತುರ್ಕಿ ಪಕ್ಕದವನ ತೊಡೆಗೆ ಬಡಿದು ನಗುತ್ತಿದ್ದ. ಮನಸ್ಸಿನಲ್ಲಿ ನಾನು ಗೋದಾಮಿನ ಬೀಗ ತೆಗೆಯುತ್ತಿದ್ದೆ.

ಆಮೇಲೆ ಅಬು ತುರ್ಕಿ ನಿಂತ. ಏಳೂ ತೋಟೆ ಬೆಣ್ಣೆಯ ಹಾಗೆ ಒಳಗೆ ಹೋದವು. ಟಪಟಪನೆ ಐದು ತಟ್ಟೆ ಕೆಡವಿದ. ಆರನೆಯ ಸಲ ಪಂಪ್ ಎಳೆದರೆ ತೋಟೆ ಬರಲಿಲ್ಲ. ಮತ್ತೆ ಎಳೆದ. ಒಳಗೆ ಎರಡು ತೋಟೆ ಉಳಿದಿದ್ದವು, ತಳ್ಳಲು ಸ್ಪ್ರಿಂಗಿಗೆ ಉಸಿರಿರಲಿಲ್ಲ. ವೀಡಿಯೊದವನ ಕೋವಿ ಬೇರೆ ಅಳತೆಯದಿರಬೇಕು. ಇವನು ಅದನ್ನೇ ನೋಡಿ ಸ್ಪ್ರಿಂಗನ್ನು ಗಿಡ್ಡ ಮಾಡಿಬಿಟ್ಟಿದ್ದ.

ಇಬ್ಬರಿಗೂ ಐದು. ನಮಾಜಿನ ನಂತರ ಮತ್ತೊಮ್ಮೆ ಹೊಡೆಯಬೇಕು ಎಂದು ತೀರ್ಪುಗಾರ ಹೇಳಿದ. ಅಬು ಸಾಲಿಹ್ ಖಾಲಿ ಕೋವಿ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು. ನಾನು ಮರದ ಹಿಡಿಯನ್ನು ಹೊಗಳುತ್ತಾ ಬೆರಳು ಹಾಕಿ ನೋಡಿದೆ. ಅವರು “ಹೊಗಳಿದ್ದು ಸಾಕು, ಸ್ಪ್ರಿಂಗು ಯಾಕೆ ಕತ್ತರಿಸಲಿಲ್ಲ ಹೇಳು” ಎಂದರು. ಉಸ್ತಾನ ಮೊಳದ ಕಥೆ, ನನ್ನ ಮೋಟು ಕೈಯ ಕಥೆ, ನನ್ನ ಹರುಕು ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾಯುತ್ತಾ ನಿಂತೆ.

ಅವರು ತೋಬಿನ, ಎಂದರೆ ಉದ್ದನೆಯ ನಿಲುವಂಗಿಯ, ತೋಳನ್ನು ಮೊಣಕೈ ತನಕ ಮಡಚಿ, ಮುಷ್ಟಿ ಕಟ್ಟಿ, ಕೈಯನ್ನು ಪಕ್ಕದಲ್ಲಿದ್ದ ಒಂದು ಮೇಜಿನ ಮೇಲೆ ಇಟ್ಟರು.

“ಜಮೀಲನ ಕೈಯೂ ನನ್ನ ಕೈಯೂ ಒಂದೇ ಉದ್ದ. ಎಷ್ಟೋ ಸಲ ಹಿಡಿದಿದ್ದೇನೆ. ಕೋವಿ ನನ್ನದು, ಮೊಳವೂ ನನ್ನದೇ ಇರಲಿ. ಯಲ್ಲಾ, ಕತ್ತರಿಸು.”

ಬಟ್ಟೆ ಹಾಕಿ ಮುಚ್ಚಳ ಬಿಚ್ಚಿ, ಸ್ಪ್ರಿಂಗನ್ನು ಮತ್ತೆ ಇಳಿಬಿಟ್ಟು, ಹೊರಗೆ ಉಳಿದದ್ದನ್ನು ಅವರ ಮೊಣಕೈಯಿಂದ ಮುಷ್ಟಿಯ ತನಕ ಹಿಡಿದೆ. ಒಮ್ಮೆ ಹಿಡಿದೆ, ಇನ್ನೊಮ್ಮೆ ಹಿಡಿದೆ. ಮೂರನೆಯ ಸಲ ಹಿಡಿಯಲು ಹೋದಾಗ ಅವರು ನನ್ನ ಮುಖ ನೋಡಿದರು. ಕಣ್ಣು ಮುಚ್ಚಿ ಪ್ಲಯರ್ ಒತ್ತಿದೆ. ಮಿಕ್ಕಿದ ಸ್ಪ್ರಿಂಗು ಮರಳಿಗೆ ಬಿತ್ತು. ಭೂಮಿ ಬಾಯಿ ಬಿಡಲಿಲ್ಲ. ಮುಚ್ಚಳ ಹಾಕಿ ಕೊಟ್ಟೆ. ಅವರು ತಟ್ಟೆಗಳಿಗೆ ಎದುರಾದ ಸಾಲಿಗೆ ಹೋಗಿ ತುಂಬಿಸಿ ನೋಡಿದರು. ಏಳೂ ಹೋದವು. ಏಳೂ ಬಂದವು.

ಈ ಹೊತ್ತಿಗೆ ಅಬು ತುರ್ಕಿ ತನ್ನ ಕೋವಿಯ ಮುಂದೆ ಕೂತು ಗಿಡ್ಡವಾದ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಲು ನೋಡುತ್ತಿದ್ದ. ಅದು ಆಗುವ ಕೆಲಸವಲ್ಲ. ಅಬು ಸಾಲಿಹ್ ಅವನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ನನ್ನ ಕೋವಿಯಲ್ಲೇ ಹೊಡಿ ಎಂದರು. ಅವನು ಬೇಡ ಎಂದ. ವಲ್ಲಾಹಿ ತೆಗೆದುಕೊಳ್ಳಬೇಕು ಎಂದು ಇವರು. ವಲ್ಲಾಹಿ ಮುಟ್ಟುವುದಿಲ್ಲ ಎಂದು ಅವನು. ಇವರು ತೀರಿಹೋದ ತಮ್ಮ ತಾಯಿಯ ಹೆಸರು ತೆಗೆದರು, ಎಂದರೆ ಅವನ ಅತ್ತೆಯನ್ನೇ ತಂದರು. ಆಮೇಲೆ ಅವನಿಗೆ ದಾರಿ ಇರಲಿಲ್ಲ. ಔದಾರ್ಯದಿಂದ ಒಬ್ಬ ಮನುಷ್ಯನನ್ನು ಇಷ್ಟು ಚೆನ್ನಾಗಿ ಹೊಡೆಯಬಹುದು ಎಂದು ನನಗೆ ಅವತ್ತು ಗೊತ್ತಾಯಿತು.

ಭಾವ ಏಳೂ ತಟ್ಟೆ ಕೆಡವಿದ. ಅಬು ಸಾಲಿಹ್ ಒಂದನ್ನು ತಪ್ಪಿಸಿದರು. ಅವರು ಸೋತರು. ನನ್ನ ಕಣ್ಣ ಮುಂದೆ ಗೋದಾಮಿನ ಬಾಗಿಲು ಮತ್ತೆ ತೆರೆಯಿತು. ಆದರೆ ವಾಪಸ್ ಬರುವಾಗ ಕಾರಿನಲ್ಲಿ ಅವರು ಗುನುಗುತ್ತಿದ್ದರು. ಇನ್ನು ಪ್ರತಿ ಶುಕ್ರವಾರದ ಊಟದಲ್ಲೂ ಭಾವನಿಗೆ ಅನ್ನ ಬಡಿಸುತ್ತಾ, ಯಾರ ಕೋವಿಯಲ್ಲಿ ಗೆದ್ದೆ ಎಂದು ಒಮ್ಮೆ ಕೇಳಿದರೆ ಸಾಕಲ್ಲ ಎಂದರು.

ಮುಂದಿನ ವಾರ ಅಬು ತುರ್ಕಿ ತನ್ನ ಕೋವಿಯನ್ನು ಹಿಡಿದು ಅಂಗಡಿಗೆ ಬಂದ. ಹೊಸ ಸ್ಪ್ರಿಂಗು ಹಾಕಬೇಕು, ಅಬು ಸಾಲಿಹರದ್ದರ ಹಾಗೇ ಇರಬೇಕು ಎಂದ. ಹಿಂದೆಯೇ ಅಬು ಸಾಲಿಹ್ ಬಂದರು, ತೋಳು ಆಗಲೇ ಮಡಚಿಕೊಂಡಿದ್ದರು. ಅವರ ಕೈಯ ಅಳತೆ ಬೇಡ, ನನ್ನದನ್ನೇ ಹಿಡಿ ಎಂದು ಭಾವ ತನ್ನ ಸಣ್ಣ ಕೈಯನ್ನು ಬೆಂಚಿನ ಮೇಲಿಟ್ಟ. ಆ ಕೈ ಕತ್ತರಿಸಿದ್ದಕ್ಕೇ ಹೀಗಾದದ್ದು ಎಂದು ಇವರು ಅದನ್ನು ಪಕ್ಕಕ್ಕೆ ಸರಿಸಿ ತಮ್ಮದನ್ನು ಇಟ್ಟರು. ಬೆಂಚಿನ ಮೇಲೆ ಎರಡು ಕೈ, ನಡುವೆ ಪ್ಲಯರ್ ಹಿಡಿದ ನಾನು. ಕಾಫಿ ಕುಡಿಯುತ್ತಾ ಅಬು ಫಹದ್ ದೂರದಿಂದ ನೋಡುತ್ತಿದ್ದರು. ಕೊನೆಗೆ ಭಾವನೇ ಕೈ ಹಿಂದೆ ತೆಗೆದುಕೊಂಡು, ಆಗಲಿ, ಅವರ ಕೈಯಂತೆಯೇ ಕತ್ತರಿಸು ಎಂದ.

ಈಗ ಎಲ್ಲ ಬದಲಾಗಿದೆ. ಯಾವ ಕೋವಿಗೆ ಎಷ್ಟು ಸ್ಪ್ರಿಂಗು ಎಂಬುದು ಮೊಬೈಲಿನಲ್ಲೇ ಸಿಗುತ್ತದೆ, ಹೊಸಬರು ಯಾರ ಮೊಳವನ್ನೂ ಹುಡುಕಬೇಕಾಗಿಲ್ಲ. ನಾನು ಹೇಳುವುದು ಇಷ್ಟೇ: ಬೆರಳು ಹಾಕಿ ನೋಡಿ, ಬಟ್ಟೆ ಮುಚ್ಚಿ, ಮತ್ತು ಏಳು ಹಿಡಿಯಬೇಕಾದ್ದನ್ನು ಏಳರಿಂದಲೇ ಪರೀಕ್ಷಿಸಿ. ಕತ್ತರಿಸುವಾಗ ಹೆದರಿಕೆ ಆದರೆ ಆಗಲಿ, ಆದರೂ ಕತ್ತರಿಸಿ.

ಅಬು ತುರ್ಕಿ ಸ್ಪ್ರಿಂಗು ಹಾಕಿಸಿಕೊಂಡು ಹೋದ ಮಾರನೆಯ ಬೆಳಿಗ್ಗೆ ನಾನು ಬಂದಾಗ ಬೆಂಚಿನ ಮೇಲೆ ಒಂದು ಹೊಸ ಪೆಟ್ಟಿಗೆ ಇತ್ತು. ಒಳಗೆ ಸಾಲಾಗಿ ಡಮ್ಮಿ ತೋಟೆಗಳು, ಕೊಳವೆ ಎಷ್ಟು ಉದ್ದವಾದರೂ ಸಾಲುವಷ್ಟು. ಯಾರು ಇಟ್ಟರು ಎಂದು ಹಮೀದ್‌ನನ್ನು ಕೇಳಿದೆ. ಅವನು ಅಬು ಫಹದ್ ಕೂರುವ ಕಡೆ ಗಲ್ಲ ತಿರುಗಿಸಿದ. ಅಬು ಫಹದ್ ಮೊಬೈಲು ನೋಡುತ್ತಿದ್ದರು, ತಲೆ ಎತ್ತಲಿಲ್ಲ. ಬೆಂಚು ನನ್ನದಾಯಿತು ಎಂದು ಯಾರೂ ಹೇಳಲಿಲ್ಲ, ಆದರೆ ತೆಗೆದುಹಾಕುವ ಬೆಂಚಿಗೆ ಯಾರೂ ಹೊಸ ಡಮ್ಮಿ ತರಿಸುವುದಿಲ್ಲ.

ನಾನು ಕುರ್ಚಿ ಎಳೆದು ಕೂತೆ. ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು, ಬೆಳಕಿಗೆ ಹಿಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಮದ್ದು ಇಲ್ಲವಷ್ಟೇ ಎಂದು ನೋಡಲು ಶುರುಮಾಡಿದೆ.